ಚಿಗಟಕ್ಕೆ ಮನೆಮದ್ದು ಹಚ್ಚೋ ಮುಂಚೆ

ಎಲ್ಲರಿಗೂ ನಮಸ್ಕಾರ. ನಾಯಿಗೆ ಚಿಗಟ ಹತ್ತಿದ್ರೆ ರಾತ್ರಿಯೆಲ್ಲ ಪರಪರ ಅಂತ ಕೆರ್ಕೊಳ್ಳೋ ಸದ್ದು, ಮನೆಯವ್ರಿಗೂ ನಿದ್ದೆ ಇಲ್ಲ. ಆಗ ಒಬ್ರು ಕರ್ಪೂರಾನ ಕೊಬ್ಬರಿ ಎಣ್ಣೇಲಿ ಕರಗ್ಸಿ ಹಚ್ಚಿ ಅಂತಾರೆ, ಇನ್ನೊಬ್ರು ಅನ್ನಕ್ಕೆ ಬೆಳ್ಳುಳ್ಳಿ ಕಲಸಿ ಹಾಕಿ ಅಂತಾರೆ, ವಾಟ್ಸಾಪಲ್ಲಿ ಟೀ ಟ್ರೀ ಆಯಿಲ್ (ಒಂದು ಮರದ ಎಲೆಯಿಂದ ತೆಗೆದ ಘಾಟು ಎಣ್ಣೆ) ಹಚ್ಚಿ ಅಂತ ಬರುತ್ತೆ, ಎಲ್ಲಾ ನ್ಯಾಚುರಲ್ ಕಣ್ರೀ ಏನೂ ಆಗಲ್ಲ ಅನ್ನೋದು ಮಾತ್ರ ಎಲ್ರ ಬಾಯಲ್ಲೂ ಒಂದೇ. ನನ್ನ ತಕರಾರು ಇರೋದೇ ಅಲ್ಲಿ.

ಕರ್ಪೂರ ಚರ್ಮದಿಂದ ಒಳಗೆ ಇಳಿಯುತ್ತೆ, ನೆಕ್ಕಿದ್ರೆ ಹೊಟ್ಟೆಗೂ ಹೋಗಿ ಫಿಟ್ಸ್ ಬರಬಹುದು. ಬೆಳ್ಳುಳ್ಳಿ, ಈರುಳ್ಳಿ ನಾಯಿ-ಬೆಕ್ಕಿನ ಕೆಂಪು ರಕ್ತಕಣಾನೇ ಒಡೆದು ಹಾಕುತ್ತೆ. ತೆಳು ಮಾಡದ ಟೀ ಟ್ರೀ ಆಯಿಲ್ ಹಚ್ಚಿದ್ರೆ ನಡುಕ ಬಂದು ಹಿಂಗಾಲು ಸೋತು ತೂರಾಡೋ ಹಾಗಾಗಬಹುದು. ಬೆಕ್ಕಿನ ಕಥೆ ಇನ್ನೂ ಕಷ್ಟ, ಇಂಥ ಎಣ್ಣೆಗಳನ್ನ ಅರಗಿಸೋ ಕಿಣ್ವ ಅದರ ಲಿವರ್‌ನಲ್ಲಿ ತೀರಾ ಕಮ್ಮಿ, ಮೇಲಿಂದ ದಿನವಿಡೀ ಮೈ ನೆಕ್ಕೋ ಪ್ರಾಣಿ, ಹೊರಗೆ ಹಚ್ಚಿದ್ದೆಲ್ಲ ಒಳಗೇ ಹೋಗುತ್ತೆ. ಬೇವಿನೆಣ್ಣೆ, ನಿಂಬೆ ಎಣ್ಣೆನೂ ಬೆಕ್ಕಿಗೆ ಬೇಡ. ನಾಯಿಗೆ ಬೇವಿನೆಲೆ ಕುದಿಸಿ ಆರಿಸಿದ ನೀರು ಕಣ್ಣಿಗೆ ಬೀಳದ ಹಾಗೆ ಹಾಕಿ ತೊಳೀಬಹುದು, ಆದ್ರೆ ಅದರಿಂದಲೇ ಚಿಗಟ ಪೂರ್ತಿ ಹೋಗುತ್ತೆ ಅಂತ ನಂಬ್ಕೊಂಡು ಕೂರಬೇಡಿ.

ಯಾಕಂದ್ರೆ ಮೈಮೇಲೆ ಕಾಣೋದು ನೂರಕ್ಕೆ ಸುಮಾರು 5 ಪಾಲು ಅಷ್ಟೇ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತೆ, ಅವು ಅಂಟ್ಕೊಳ್ಳಲ್ಲ, ಜಾರಿ ನಾಯಿ ಮಲಗೋ ಗೋಣಿಚೀಲದಲ್ಲಿ, ಸೋಫಾ ಸಂದೀಲಿ, ನೆಲದ ಬಿರುಕಲ್ಲಿ ಬೀಳ್ತವೆ. ಹುಳ ಆಗಿ ಗೂಡು ಕಟ್ಕೊಂಡ್ರೆ ತಿಂಗಳುಗಟ್ಲೆ ಒಳಗೇ ಇರಬಲ್ಲವು.

ಹಾಗಾಗಿ ಹಾಸಿಗೆ ಬಟ್ಟೆನ ವಾರಕ್ಕೊಮ್ಮೆ ಚೆನ್ನಾಗಿ ಬಿಸಿ ನೀರಲ್ಲಿ, 60 ಡಿಗ್ರಿ ಇದ್ರೆ ಒಳ್ಳೇದು, ಒಗೆದು ಬಿಸಿಲಿಗೆ ಹಾಕಿ, ಹಳೇ ಗೋಣಿ ಆದ್ರೆ ಬಿಸಾಕಿ, ಮೂಲೆ ಮೂಲೆ ಗುಡಿಸಿ. ಹೇನಿನ ಬಾಚಣಿಗೆ ತಗೊಂಡು ಕುತ್ತಿಗೆ, ಬಾಲದ ಬುಡ ಬಾಚಿ, ಪ್ರತಿ ಸಲ ಸೋಪಿನ ನೀರಲ್ಲಿ ಅದ್ದಿ, ಬರೀ ನೀರಾದ್ರೆ ಚಿಗಟ ತೇಲಿ ಹಾರಿ ಹೋಗುತ್ತೆ, ಸೋಪಿದ್ರೆ ಮುಳುಗುತ್ತೆ. ಕಪ್ಪು ಪುಡಿ ಸಿಕ್ಕಿದ್ರೆ ಒದ್ದೆ ಬಿಳಿ ಬಟ್ಟೆ ಮೇಲಿಡಿ, ಕೆಂಚಗೆ ಹರಡಿದ್ರೆ ಅದು ಚಿಗಟದ ಹಿಕ್ಕೆ, ನಿಮ್ಮ ನಾಯೀದೇ ರಕ್ತ. ಬೇಜಾರಿನ ಕೆಲಸ, ಒಪ್ಕೋತೀನಿ, ಎರಡು ಮೂರು ತಿಂಗಳಾದ್ರೂ ಬಿಡದೆ ಮಾಡ್ಬೇಕು.

ಇಷ್ಟಾದ್ರೂ ಬಗ್ಗದೇ ಇದ್ರೆ ಪಶುವೈದ್ಯರ ಹತ್ರ ತೂಕ, ವಯಸ್ಸು ಹೇಳಿ ಔಷಧಿ ಬರೆಸ್ಕೊಳ್ಳಿ. ನಾಯಿಗೆ ಅಂತ ಕೊಟ್ಟಿದ್ದನ್ನ ಬೆಕ್ಕಿಗೆ ಹಾಕಲೇಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕಿನ ಜೀವಕ್ಕೇ ಕುತ್ತು. ಮರಿಗಳ ಒಸಡು ಬಿಳಿಚ್ಕೊಂಡಿದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹಾಗೇ ನಾಯಿ-ಬೆಕ್ಕಿನ ಮಲದಲ್ಲಿ ಅಕ್ಕಿಕಾಳಿನ ಥರ ಏನಾದ್ರೂ ಕಂಡ್ರೆ ಅದು ಲಾಡಿಹುಳದ ತುಂಡು, ಸಾಮಾನ್ಯವಾಗಿ ಚಿಗಟ ನುಂಗಿದ್ರಿಂದ ಬಂದಿರುತ್ತೆ, ಅದಕ್ಕೂ ಮಾತ್ರೆ ಕೇಳಿ ತಗೊಳ್ಳಿ. ನಮಸ್ಕಾರ.