ಎಲ್ಲ ನೆಟ್‌ನಲ್ಲೇ ಇದೆ, ಪುಸ್ತಕ ಯಾಕೆ?

ಕೇಳುಗರೇ, ನಮಸ್ಕಾರ.

ಆಫೀಸಿನಲ್ಲಿ ನನ್ನ ಮೇಜಿನ ಪಕ್ಕ ಒಂದು ಸಣ್ಣ ಕಪಾಟಿದೆ. ಅದರ ತುಂಬ ದಪ್ಪ ದಪ್ಪ ಪುಸ್ತಕಗಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಒಂದು ದಿನ ಅವನ್ನು ನೋಡಿ, ‘ಸಾರ್, ಇವನ್ನೆಲ್ಲ ಈಗಲೂ ಓದ್ತೀರಾ? ಎಲ್ಲ ನೆಟ್‌ನಲ್ಲೇ ಇದೆಯಲ್ಲ’ ಎಂದ. ಅದರಲ್ಲಿ ಕುಹಕವೇನೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದ. ನಾನು ಏನೋ ಒಂದು ಹೇಳಿ ನಕ್ಕು ಸುಮ್ಮನಾದೆ. ಸರಿಯಾದ ಉತ್ತರ ಹೊಳೆಯುವುದು ಯಾವಾಗಲೂ ಕೇಳಿದವರು ಎದ್ದು ಹೋದ ಮೇಲೆ ತಾನೇ? ಅವನಿಗೆ ಹೇಳದೆ ಉಳಿದ ಉತ್ತರವನ್ನು ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅವನು ಹೇಳಿದ್ದು ಮುಕ್ಕಾಲು ಪಾಲು ನಿಜ. ನಾನೂ ದಿನವಿಡೀ ನೆಟ್ ನೋಡುವವನೇ. ಹಿಂದೆ ಚಿಪ್ ಮಾಡುವ ಕಂಪನಿಗಳು ತಮ್ಮ ಚಿಪ್‌ಗಳ ವಿವರ ತುಂಬಿದ, ಇಟ್ಟಿಗೆಯಂಥ ಡೇಟಾಬುಕ್‌ಗಳನ್ನು ಅಚ್ಚು ಹಾಕಿಸುತ್ತಿದ್ದವು. ಅದು ಕೈಗೆ ಬರುವಷ್ಟರಲ್ಲಿ ಅರ್ಧ ಚಿಪ್‌ಗಳು ಹಳತಾಗಿರುತ್ತಿದ್ದವು. ಈಗ ನಂಬರ್ ಟೈಪ್ ಮಾಡಿದರೆ ಡೇಟಾಶೀಟ್ ಕಣ್ಣೆದುರಿಗೆ ಬರುತ್ತದೆ. ಆ ಡೇಟಾಬುಕ್‌ಗಳು ಹೋದವಲ್ಲ ಅಂತ ನನಗೆ ಒಂದು ಚೂರೂ ಬೇಜಾರಿಲ್ಲ. ಯಾವುದೋ ಸಾಫ್ಟ್‌ವೇರಿನ ಯಾವುದೋ ವರ್ಷನ್‌ನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳುವ ಪುಸ್ತಕಗಳೂ ಅಷ್ಟೇ. ನನ್ನ ಕಪಾಟಿನಲ್ಲೂ ಅಂಥವು ನಾಲ್ಕೈದು ಇದ್ದವು. ಎಲ್ಲವನ್ನೂ ರದ್ದಿಗೆ ಹಾಕಿದೆ.

ಹಾಗಾದರೆ ಉಳಿದವು ಯಾಕೆ ಉಳಿದವು? ಇದಕ್ಕೆ ಒಂದು ಸರ್ಕ್ಯೂಟ್ ಬೋರ್ಡಿನ ಕತೆ ಹೇಳಬೇಕು.

ಸಣ್ಣ ಮೋಟರೊಂದನ್ನು ಓಡಿಸುವ ಬೋರ್ಡ್ ಅದು. ಒಂದು ಮೈಕ್ರೋಕಂಟ್ರೋಲರ್, ಅಂದರೆ ಬೋರ್ಡಿನ ಮಿದುಳಿನಂಥ ಪುಟ್ಟ ಕಂಪ್ಯೂಟರ್ ಚಿಪ್, ಒಂದು ಮಾಸ್‌ಫೆಟ್, ಒಂದು ಮೋಟರ್. ಮಾಸ್‌ಫೆಟ್ ಅಂದರೆ ಬಲು ಚುರುಕಾದ ಸ್ವಿಚ್ ಅಂದುಕೊಳ್ಳಿ. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತ ಮೋಟರಿನ ವೇಗ ಹಿಡಿತದಲ್ಲಿಡುತ್ತದೆ. ಎಲ್ಲ ಚೆನ್ನಾಗಿತ್ತು. ಆದರೆ ವೇಗ ಏರಿಸಿದಾಗ, ಹತ್ತರಲ್ಲಿ ಎರಡು ಸಲ, ಇಡೀ ಬೋರ್ಡ್ ರೀಸೆಟ್ ಆಗಿಬಿಡುತ್ತಿತ್ತು. ಹತ್ತಕ್ಕೆ ಹತ್ತು ಸಲ ಕೈಕೊಟ್ಟಿದ್ದರೆ ಪರವಾಗಿರಲಿಲ್ಲ, ಹಿಡಿಯಬಹುದಿತ್ತು. ಈ ಹತ್ತರಲ್ಲಿ ಎರಡು ಅನ್ನುವುದಿದೆಯಲ್ಲ, ಅದು ನಿದ್ದೆ ಕೆಡಿಸುವ ಕಾಯಿಲೆ.

ನೆಟ್‌ನಲ್ಲಿ ಹುಡುಕಿದೆ. ‘ಮೋಟರ್ ಓಡಿದರೆ ರೀಸೆಟ್ ಆಗುತ್ತಿದೆ’ ಅಂತ. ಉತ್ತರಗಳಿಗೇನು ಬರ? ಮೋಟರಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕಿ ಅಂದರು. ಆಗಲೇ ಇತ್ತು. ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ದೊಡ್ಡ ಕೆಪಾಸಿಟರ್ ಹಾಕಿ ಅಂದರು. ಹಾಕಿದೆ, ಹತ್ತರಲ್ಲಿ ಎರಡು ಹೋಗಿ ಹತ್ತರಲ್ಲಿ ಒಂದಾಯಿತು. ಪವರ್ ಸಪ್ಲೈ ಬದಲಾಯಿಸಿ ಅಂದರು, ಬದಲಾಯಿಸಿದೆ. ವಾಚ್‌ಡಾಗ್, ಅಂದರೆ ಪ್ರೋಗ್ರಾಂ ನಿಂತುಹೋದರೆ ಚಿಪ್ಪನ್ನು ತಾನೇ ರೀಸೆಟ್ ಮಾಡುವ ಟೈಮರ್, ಅದನ್ನು ಆಫ್ ಮಾಡಿ ಅಂದರು, ಮಾಡಿದೆ. ಹೀಗೆ ನಾಲ್ಕು ದಿನ ಹೋಯಿತು. ಆ ಉತ್ತರಗಳು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದೊಂದೂ ಯಾರದೋ ಬೋರ್ಡಿಗೆ ಸರಿಯಾಗಿದ್ದ ಉತ್ತರವೇ. ನನ್ನ ಬೋರ್ಡಿನದಲ್ಲ, ಅಷ್ಟೇ.

ಐದನೇ ದಿನ ಬೇಸತ್ತು ಕಪಾಟಿನಿಂದ ಒಂದು ಪುಸ್ತಕ ತೆಗೆದೆ. ಮೋಟರ್ ಬಗ್ಗೆಯಲ್ಲ, ಸುಮ್ನೆ ಸರ್ಕ್ಯೂಟ್ ಬೋರ್ಡ್ ಹೇಗೆ ಹಾಕಬೇಕು ಅನ್ನುವ ಅಧ್ಯಾಯ. ಅದು ಶುರುವಾಗುವುದೇ ಒಂದು ಸಾಮಾನ್ಯ ಸಂಗತಿಯಿಂದ. ಹೊರಟ ಕರೆಂಟು ಹೊರಟಲ್ಲಿಗೇ ವಾಪಸ್ ಬರಬೇಕು. ಸರಿ, ಇದು ಯಾರಿಗೆ ಗೊತ್ತಿಲ್ಲ? ಗೊತ್ತಿದೆ. ಆದರೆ ನಾವು ಮಾಡುವುದೇನು? ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಅಂತ ಒಂದು ಗುರುತು ಹಾಕಿ ಕೈತೊಳೆದುಕೊಳ್ಳುತ್ತೇವೆ. ಚಿತ್ರದಲ್ಲಿ ಎಲ್ಲ ಗ್ರೌಂಡೂ ಒಂದೇ, ಎಲ್ಲ ಸೊನ್ನೆ ವೋಲ್ಟ್. ಬೋರ್ಡಿನ ಮೇಲೆ ಮಾತ್ರ ಅದು ತಾಮ್ರದ ಒಂದು ಸಪೂರ ಗೆರೆ.

ರೇಡಿಯೋದಲ್ಲಿ ಲೆಕ್ಕ ಹೇಳಬಾರದು ಅಂತಾರೆ. ಒಂದೇ ಒಂದು ಹೇಳುತ್ತೇನೆ, ಸಹಿಸಿಕೊಳ್ಳಿ. ಸಪೂರ ತಾಮ್ರದ ಗೆರೆಗೆ ಒಂದು ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ ಇಂಡಕ್ಟೆನ್ಸ್, ಅಂದರೆ ಕರೆಂಟು ಥಟ್ಟನೆ ಬದಲಾಗುವುದಕ್ಕೆ ಅಡ್ಡಿ ಮಾಡುವ ಗುಣ, ಇರುತ್ತದೆ. ನ್ಯಾನೋ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಐದು ಸೆಂಟಿಮೀಟರಿಗೆ 50. ಅದರಲ್ಲಿ ಒಂದು ಆಂಪಿಯರ್ ಕರೆಂಟು 20 ನ್ಯಾನೋಸೆಕೆಂಡಿನಲ್ಲಿ ಏರಿದರೆ ಇಲ್ಲವೇ ಇಳಿದರೆ, ಐವತ್ತನ್ನು ಇಪ್ಪತ್ತರಿಂದ ಭಾಗಿಸಿ, ಎರಡೂವರೆ ವೋಲ್ಟ್. ಕ್ಷಣಾರ್ಧಕ್ಕೆ ನಮ್ಮ ಸೊನ್ನೆ ವೋಲ್ಟಿನ ಗ್ರೌಂಡ್ ಎರಡೂವರೆ ವೋಲ್ಟ್ ನೆಗೆಯುತ್ತದೆ! ನನ್ನ ಮೈಕ್ರೋಕಂಟ್ರೋಲರ್ ನಡೆಯುವುದೇ 3.3 ವೋಲ್ಟಿನಲ್ಲಿ. ಮೋಟರಿನ ಕರೆಂಟು ವಾಪಸ್ ಬರುವ ದಾರಿಯೂ ಮೈಕ್ರೋಕಂಟ್ರೋಲರಿನ ದಾರಿಯೂ ಒಂದೇ ಗೆರೆಯಾಗಿತ್ತು. ಬ್ಲೇಡಿನಿಂದ ಆ ಗೆರೆ ಕತ್ತರಿಸಿದೆ. ಮೋಟರಿಗೆ ಬೇರೆ ದಪ್ಪ ವೈರ್ ಎಳೆದು, ನೇರ ಸಪ್ಲೈ ಹತ್ತಿರವೇ ಎರಡನ್ನೂ ಸೇರಿಸಿದೆ. ಆಮೇಲೆ ನೂರು ಸಲ ಓಡಿಸಿದರೂ ಒಂದು ರೀಸೆಟ್ ಇಲ್ಲ.

ಅದೇ ಅಧ್ಯಾಯದಲ್ಲಿ ಈ ಕಾಯಿಲೆಯ ಹೆಸರೂ ಇತ್ತು, ಗ್ರೌಂಡ್ ಬೌನ್ಸ್. ಆ ಎರಡು ಪದ ಹಾಕಿ ಮತ್ತೆ ನೆಟ್‌ನಲ್ಲಿ ಹುಡುಕಿದೆ ನೋಡಿ. ಆಸಿಲೋಸ್ಕೋಪಿನಲ್ಲಿ ತೆಗೆದ ಚಿತ್ರಗಳು, ಚಿಪ್ ಕಂಪನಿಗಳೇ ಬರೆದ ಟಿಪ್ಪಣಿಗಳು, ವಿಡಿಯೋಗಳು, ಸಾಲು ಸಾಲಾಗಿ ಬಂದವು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ. ಎಲ್ಲ ಮೊದಲಿನಿಂದಲೂ ಅಲ್ಲೇ ಇತ್ತು. ಹುಡುಕುವ ಬಳ್ಳಿ ಕಾಲಿಗೆ ತೊಡರಿದರೂ ಅದೇ ಬಳ್ಳಿ ಅಂತ ಗೊತ್ತಾಗಬೇಕಲ್ಲ? ನನ್ನ ಹತ್ತಿರ ಆ ಪದ ಇರಲಿಲ್ಲ.

ಆ ಹುಡುಗನಿಗೆ ಹೇಳಬೇಕಾಗಿದ್ದದ್ದು ಇದು. ಎಲ್ಲ ನೆಟ್‌ನಲ್ಲಿದೆ ನಿಜ ಮಾರಾಯ, ಏನು ಕೇಳಬೇಕು ಅನ್ನುವುದನ್ನು ಎಲ್ಲಿಂದ ತರುತ್ತೀಯ?

ಅವನು ಜಾಣ. ತಕ್ಷಣ ಹೇಳುತ್ತಾನೆ, ಈಗ ಎಐ ಇದೆಯಲ್ಲ ಸಾರ್, ಪದ ಗೊತ್ತಿಲ್ಲದಿದ್ದರೂ ಕಾಯಿಲೆ ವಿವರಿಸಿದರೆ ಸಾಕು. ಒಪ್ಪುತ್ತೇನೆ. ಆಮೇಲೆ ನಾನೇ ಪರೀಕ್ಷೆ ಮಾಡಿ ನೋಡಿದೆ. ನನ್ನ ಬೋರ್ಡಿನ ಕತೆ ಹೇಳಿದರೆ ಏಳು ಕಾರಣ ಕೊಟ್ಟಿತು, ಗ್ರೌಂಡ್ ಬೌನ್ಸೂ ಅದರಲ್ಲಿತ್ತು. ಆದರೆ ಏಳನ್ನೂ ಒಂದೇ ಧೈರ್ಯದಲ್ಲಿ ಹೇಳಿತು. ಏಳರಲ್ಲಿ ನನ್ನದು ಯಾವುದು? ಆ ಐವತ್ತು ಭಾಗಿಸು ಇಪ್ಪತ್ತು ಮಾಡಿ ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ. ಲೆಕ್ಕ ಮಾಡಬೇಕು ಅಂತ ಹೊಳೆಯುವುದಕ್ಕೆ ಆ ಅಧ್ಯಾಯವನ್ನು ಒಮ್ಮೆಯಾದರೂ ಓದಿರಬೇಕು.

ಸಾಫ್ಟ್‌ವೇರಿನವರಿಗೂ ಇಂಥದ್ದೇ ಒಂದಿದೆ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.3 ಬರುವುದಿಲ್ಲ. 0.3ರ ಮುಂದೆ ಹದಿನೈದು ಸೊನ್ನೆ ಬಂದು ಕೊನೆಗೊಂದು 4 ಇಣುಕುತ್ತದೆ. ನೆಟ್‌ನಲ್ಲಿ ಕೇಳಿದರೆ ರೌಂಡ್ ಮಾಡಿ ಅನ್ನುತ್ತಾರೆ. ಮಾಡಿದರೆ 4 ಮಾಯ, ಕೆಲಸ ಮುಗಿಯಿತು. ಆದರೆ ಅದು ಯಾಕೆ ಬಂತು? ಮೂರರಲ್ಲಿ ಒಂದು ಪಾಲನ್ನು ದಶಮಾಂಶದಲ್ಲಿ ಬರೆಯಲು ಹೋದರೆ 0.333 ಅಂತ ಮುಗಿಯುವುದೇ ಇಲ್ಲ, ಅಲ್ವಾ? ಬರೀ ಸೊನ್ನೆ ಒಂದು ಬಳಸುವ ಕಂಪ್ಯೂಟರಿಗೆ ಹತ್ತರಲ್ಲಿ ಒಂದು ಪಾಲೂ ಹಾಗೆಯೇ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಕತ್ತರಿಸಿದ ಚೂರು ಎಷ್ಟು ದೊಡ್ಡದಾಗಬಹುದು? 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ, ಹಾರಿ ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಸಮಯ ಎಣಿಸುತ್ತಿತ್ತು. ಆ 0.1 ಅನ್ನು 24 ಬಿಟ್‌ಗಳಿಗೆ, ಅಂದರೆ ಸೊನ್ನೆಯೋ ಒಂದೋ ಹಿಡಿಸುವ 24 ಮನೆಗಳಿಗೆ, ಕತ್ತರಿಸಿ ಇಟ್ಟಿದ್ದರು. ಸುಮಾರು 100 ಗಂಟೆ ಸತತವಾಗಿ ಓಡಿದ ಮೇಲೆ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ದೂರ ಹೋಗಿರುತ್ತದೆ. ರೌಂಡ್ ಮಾಡಿ ಅನ್ನುವ ಒಂದು ಸಾಲಿನ ಉತ್ತರಕ್ಕೂ ಸಂಖ್ಯೆಗಳ ಬಗ್ಗೆ ಒಂದು ಅಧ್ಯಾಯ ಓದುವುದಕ್ಕೂ ಇರುವ ದೂರ ಎಷ್ಟು ಅಂದರೆ ನನಗೆ ಈ ಘಟನೆಯೇ ನೆನಪಾಗುತ್ತದೆ.

ಹಾಗಂತ ಪುಸ್ತಕಗಳನ್ನು ಪೀಠದ ಮೇಲಿಟ್ಟು ಪೂಜೆ ಮಾಡಿ ಅಂತ ಅಲ್ಲ. ಪುಸ್ತಕಗಳೂ ತಪ್ಪು ಹೇಳುತ್ತವೆ, ಅದೂ ತಲೆಮಾರುಗಟ್ಟಲೆ. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ 1940ರ ಜುಲೈಯಲ್ಲಿ ಸಂಚಾರಕ್ಕೆ ತೆರೆದು ಅದೇ ವರ್ಷ ನವೆಂಬರ್ 7ಕ್ಕೆ ಗಾಳಿಗೆ ತಿರುಚಿಕೊಂಡು ಕಳಚಿ ಬಿತ್ತು. ಅದರ ಫಿಲ್ಮನ್ನು ನೀವೂ ನೋಡಿರಬಹುದು. ನಾನು ಓದಿದ ಭೌತಶಾಸ್ತ್ರದ ಪುಸ್ತಕದಲ್ಲಿ ಇದು ಅನುರಣನದ ಉದಾಹರಣೆ ಅಂತಿತ್ತು. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದ ಹಾಗೆ ಗಾಳಿ ತಳ್ಳಿತಂತೆ. ಆದರೆ ಆವತ್ತು ಬೀಸುತ್ತಿದ್ದದ್ದು ಒಂದೇ ಸಮನೆ ಬೀಸುವ ಗಾಳಿ. ತಾಳ ಎಲ್ಲಿಂದ ಬಂತು? ಸೇತುವೆ ತಾನೇ ತಿರುಚಿಕೊಂಡು, ಆ ತಿರುಚುವಿಕೆಯಿಂದಲೇ ಗಾಳಿಯ ಬಲವನ್ನು ತನ್ನ ಕಡೆಗೆ ಎಳೆದುಕೊಂಡಿತು. ವಿಮಾನದ ರೆಕ್ಕೆಯ ಎಂಜಿನಿಯರುಗಳು ಇದನ್ನು ಫ್ಲಟರ್ ಅನ್ನುತ್ತಾರೆ. ಪಠ್ಯಪುಸ್ತಕಗಳು ಇದನ್ನು ತಪ್ಪಾಗಿ ಹೇಳುತ್ತಿವೆ ಅಂತ 1991ರಲ್ಲಿ ಬಿಲ್ಲಾ ಮತ್ತು ಸ್ಕ್ಯಾನ್ಲನ್ ಎಂಬ ಇಬ್ಬರು ವಿವರವಾದ ಲೇಖನವನ್ನೇ ಬರೆದರು.

ಆದರೂ ಒಂದು ವ್ಯತ್ಯಾಸ ಇದೆ. ಒಳ್ಳೆಯ ಪುಸ್ತಕ ಬರೆದವರು ತಪ್ಪಿನ ಜವಾಬ್ದಾರಿ ಹೊರುತ್ತಾರೆ. ಡೊನಾಲ್ಡ್ ಕ್ನೂತ್ ಅಂತ ಕಂಪ್ಯೂಟರ್ ವಿಜ್ಞಾನಿ. ಪ್ರೋಗ್ರಾಮಿಂಗ್ ಬಗ್ಗೆ ಅವರ ದೊಡ್ಡ ಗ್ರಂಥದ ಮೊದಲ ಸಂಪುಟ ಬಂದದ್ದು 1968ರಲ್ಲಿ, ಇನ್ನೂ ಮುಗಿದಿಲ್ಲ. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ಹೇಳಿದವರಿಗೆ ಅವರು 2 ಡಾಲರ್ 56 ಸೆಂಟಿನ ಚೆಕ್ ಕಳಿಸುತ್ತಿದ್ದರು. 256 ಯಾಕೆ ಅಂತ ಕಂಪ್ಯೂಟರಿನವರು ಆಗಲೇ ನಗುತ್ತಿರುತ್ತಾರೆ, ಉಳಿದವರು ಅವರನ್ನೇ ಕೇಳಿ. ಚೆಕ್ ಸಿಕ್ಕ ಹಲವರು ಬ್ಯಾಂಕಿಗೆ ಹಾಕದೆ ಗೋಡೆಗೆ ತೂಗುಹಾಕಿದರು. 2008ರಲ್ಲಿ ನಿಜವಾದ ಚೆಕ್ ನಿಲ್ಲಿಸಿದರು, ಈಗ ಎಲ್ಲೂ ಇಲ್ಲದ, ಬರೀ ಕಲ್ಪನೆಯ ಒಂದು ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರ ಕೊಡುತ್ತಾರೆ.

ಇನ್ನು, ಬಾಳುವ ಪುಸ್ತಕ ದಪ್ಪವಾಗಿಯೇ ಇರಬೇಕೆಂದಿಲ್ಲ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕರ್ನಿಗನ್ ಮತ್ತು ರಿಚಿ 1978ರಲ್ಲಿ ಬರೆದದ್ದು 228 ಪುಟ. 1988ರಲ್ಲಿ ಒಮ್ಮೆ ತಿದ್ದಿದರು, ಅಷ್ಟೇ. ಇವತ್ತಿಗೂ ಜನ ಅದನ್ನು ಓದುತ್ತಾರೆ.

ಓದುವುದು ಹೇಗೆ ಅಂತ ಕೇಳಿದರೆ ನನ್ನದೊಂದು ಕೆಟ್ಟ ಅಭ್ಯಾಸ ಹೇಳುತ್ತೇನೆ. ನಾನು ತಾಂತ್ರಿಕ ಪುಸ್ತಕವನ್ನು ಹಿಂದಿನಿಂದ ಶುರು ಮಾಡುತ್ತೇನೆ, ಪದಸೂಚಿಯಿಂದ. ಅದರಲ್ಲಿ ಗೊತ್ತಿಲ್ಲದ ಪದ ಎಷ್ಟಿವೆ ನೋಡುತ್ತೇನೆ. ಒಂದೂ ಇಲ್ಲದಿದ್ದರೆ ಆ ಪುಸ್ತಕ ನನಗೆ ಬೇಡ. ಬರೀ ಅವೇ ಇದ್ದರೆ ಇನ್ನೂ ಸಮಯ ಬಂದಿಲ್ಲ. ಕಾಗದವೋ ಪರದೆಯೋ ಅನ್ನುವ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಇನ್ನೂರು ಪಿಡಿಎಫ್ ಡೌನ್‌ಲೋಡ್ ಮಾಡಿಟ್ಟು ಒಂದನ್ನೂ ತೆರೆಯದವರನ್ನು ಕಂಡಿದ್ದೇನೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕಪಾಟಿನಲ್ಲಿ ಜೋಡಿಸಿದವರನ್ನೂ ಕಂಡಿದ್ದೇನೆ. ಎರಡೂ ಒಂದೇ. ಪಕ್ಕದಲ್ಲಿ ಪೆನ್ಸಿಲ್ ಇರಬೇಕು, ಉದಾಹರಣೆಯ ಲೆಕ್ಕವನ್ನು ಉತ್ತರ ಮುಚ್ಚಿಟ್ಟು ಮಾಡಬೇಕು. ಅಷ್ಟು ಮಾಡದೆ ಓದಿದ ಅಧ್ಯಾಯ ವಾರದಲ್ಲಿ ಆವಿಯಾಗುತ್ತದೆ.

ಕಪಾಟಿನಲ್ಲಿ ಅತಿ ಹಳೆಯದು ನಾನು ಓದುವ ಕಾಲದಲ್ಲಿ ಕೊಂಡ ಎಲೆಕ್ಟ್ರಾನಿಕ್ಸ್ ಪುಸ್ತಕ. ಅದರಲ್ಲಿ ಪವರ್ ಸಪ್ಲೈ ಮಾಡುವ ಒಂದು ಲೆಕ್ಕ ಇದೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ 25 ವೋಲ್ಟ್ ತಡೆಯುವ ಕೆಪಾಸಿಟರ್ ಹಾಕಿ ಅನ್ನುತ್ತದೆ. ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ‘16 ಸಾಕಲ್ವಾ?’ ಎಂದು ಬರೆದಿದ್ದೆ. ಬರೆದದ್ದಷ್ಟೇ ಅಲ್ಲ, 16 ವೋಲ್ಟಿನದನ್ನೇ ತಂದು ಹಾಕಿದೆ. 12 ವೋಲ್ಟ್ ಎಸಿ ಅಂದರೆ ತುದಿಯಲ್ಲಿ ಹೆಚ್ಚುಕಡಿಮೆ 17 ವೋಲ್ಟ್ ಮುಟ್ಟುತ್ತದೆ. ಡಯೋಡುಗಳು ಒಂದಿಷ್ಟು ತಿಂದರೂ, ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಹೇಳಿದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಇದೆಲ್ಲ ಅದೇ ಪುಸ್ತಕದ ಹಿಂದಿನ ಪುಟದಲ್ಲಿತ್ತು. ನಾನು ಓದಿರಲಿಲ್ಲ. ಒಂದು ವಾರ ಕಷ್ಟಪಟ್ಟು ನಡೆದ ಕೆಪಾಸಿಟರ್, ಒಂದು ರಾತ್ರಿ ಪಟ್ ಅಂತ ಸಿಡಿದು ರೂಮೆಲ್ಲ ಕಮಟು ವಾಸನೆ ಹಿಡಿಸಿತು.

ಆ ಪೆನ್ಸಿಲ್ ಬರಹ ಈಗಲೂ ಅಲ್ಲೇ ಇದೆ. ಅದರ ಕೆಳಗೆ, ಮಾರನೆಯ ದಿನ ಪೆನ್ನಿನಲ್ಲಿ ಬರೆದ ಇನ್ನೊಂದು ಪದ: ‘ಸಾಲದು.’

ನಮಸ್ಕಾರ.