ವಿಂಟರ್‌ಹೋಲ್ಡಿನ ಪತ್ರ: ಆಟದ ಲೋಕದಲ್ಲಿ ಕಥೆ ಹುಡುಕುವ ಬಗೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಆಟವೊಂದನ್ನು ಆಡಿ ಮುಗಿಸಿದ ಮೇಲೂ ಅದರ ಲೋಕವನ್ನು ಬಿಟ್ಟು ಬರಲು ಮನಸ್ಸೊಪ್ಪದ ಅನೇಕರು ಅದೇ ಲೋಕದಲ್ಲಿ ತಮ್ಮದೇ ಕಥೆಗಳನ್ನು ಬರೆಯುತ್ತಾರೆ. ಫ್ಯಾನ್ ಫಿಕ್ಷನ್ ಎಂದು ಕರೆಯಲಾಗುವ ಈ ಬರವಣಿಗೆಯ ದೊಡ್ಡ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ ತಾಣಕ್ಕೆ 2019ರಲ್ಲಿ, ವಿಜ್ಞಾನ ಕಥೆ ಮತ್ತು ಕಲ್ಪನಾ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ದೊರೆತ ಮೇಲಂತೂ ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವುದು ಕಷ್ಟವಾಗಿದೆ. ಇಂಥ ಕಥೆಯನ್ನು ಬರೆಯಲು ಕುಳಿತವರಿಗೆ ಮೊದಲು ಎದುರಾಗುವ ತೊಡಕು ಭಾಷೆಯದೂ ಅಲ್ಲ, ಶೈಲಿಯದೂ ಅಲ್ಲ. ಅಷ್ಟು ವಿಸ್ತಾರವಾದ ಲೋಕದಲ್ಲಿ ಕಥೆ ಎಲ್ಲಿದೆ ಎಂಬುದು. ಒಂದು ನಿರ್ದಿಷ್ಟ ಆಟವನ್ನು ಮುಂದಿಟ್ಟುಕೊಂಡು, ಅದರೊಳಗಿಂದ ಒಂದು ಕಥೆಯ ಹಂದರವನ್ನು ಹೇಗೆ ಎತ್ತಬಹುದೆಂದು ಇಂದು ನಿಮ್ಮೊಡನೆ ಯೋಚಿಸಬೇಕೆಂದಿದ್ದೇನೆ.

ನಾನು ಆರಿಸಿಕೊಂಡಿರುವುದು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದ ಈ ಆಟ, 1994ರಲ್ಲಿ ಆರಂಭವಾದ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಐದನೆಯ ಮುಖ್ಯ ಕಂತು. ಟಾಮ್ರಿಯಲ್ ಎಂಬ ಕಲ್ಪಿತ ಭೂಖಂಡದ ಉತ್ತರದಲ್ಲಿರುವ ಹಿಮನಾಡು ಸ್ಕೈರಿಮ್. ಅಲ್ಲಿನ ಮೂಲನಿವಾಸಿಗಳೆಂದು ತಮ್ಮನ್ನು ಕರೆದುಕೊಳ್ಳುವವರು ನಾರ್ಡ್ ಜನ. ನಾಡು ಒಂಬತ್ತು ಸೀಮೆಗಳಾಗಿ ಹಂಚಿಹೋಗಿದ್ದು, ಒಂದೊಂದಕ್ಕೂ ಜಾರ್ಲ್ ಎಂಬ ಒಡೆಯನಿದ್ದಾನೆ. ಆಟ ನಡೆಯುವುದು ಆ ಲೋಕದ ನಾಲ್ಕನೆಯ ಯುಗದ 201ನೆಯ ವರ್ಷದಲ್ಲಿ. ಉಲ್ಫ್ರಿಕ್ ಎಂಬ ಜಾರ್ಲ್, ನಾಡಿನ ಮಹಾರಾಜ ಟೋರಿಗ್‌ನನ್ನು ಕೊಂದಿದ್ದಾನೆ, ನಾಡು ಅಂತರ್ಯುದ್ಧದಲ್ಲಿ ಬೇಯುತ್ತಿದೆ, ಅದರ ನಡುವೆ ಆಲ್ಡುಯಿನ್ ಎಂಬ ಪುರಾತನ ಡ್ರ್ಯಾಗನ್ ಮರಳಿ ಬಂದು ಹೆಲ್ಗೆನ್ ಎಂಬ ಊರನ್ನು ಸುಟ್ಟುಹಾಕುತ್ತದೆ. ಆಟಗಾರನೇ ಡ್ರ್ಯಾಗನ್‌ಬಾರ್ನ್, ಅಂದರೆ ಆ ಡ್ರ್ಯಾಗನ್ನನ್ನು ಎದುರಿಸಬಲ್ಲ ವೀರ.

ಹೊಸದಾಗಿ ಬರೆಯುವವರ ಕಣ್ಣು ಸಹಜವಾಗಿಯೇ ಮೊದಲು ಬೀಳುವುದು ಈ ವೀರನ ಮೇಲೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿಂದ ಆರಂಭಿಸುವುದು ಅತ್ಯಂತ ಕಷ್ಟದ ದಾರಿ. ಡ್ರ್ಯಾಗನ್‌ಬಾರ್ನ್ ಗಂಡೋ ಹೆಣ್ಣೋ, ನಾರ್ಡೋ, ಚೂಪುಗಿವಿಯ ಎಲ್ಫ್ ಜನಾಂಗದವರೋ ಎಂಬುದನ್ನು ಆಟ ಹೇಳುವುದಿಲ್ಲ, ಏಕೆಂದರೆ ಅದನ್ನು ಆಟಗಾರ ತುಂಬಿಕೊಳ್ಳಬೇಕು. ಓದುವ ಪ್ರತಿಯೊಬ್ಬರೂ ಒಮ್ಮೆ ಆ ಪಾತ್ರವಾಗಿ ತಿಂಗಳುಗಟ್ಟಲೆ ಓಡಾಡಿದವರೇ ಆಗಿರುವುದರಿಂದ, ನಿಮ್ಮ ವೀರ ಅವರ ವೀರನಿಗಿಂತ ಯಾವಾಗಲೂ ಸ್ವಲ್ಪ ಪರಕೀಯನಾಗಿಯೇ ಉಳಿಯುತ್ತಾನೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಆಟದಲ್ಲಿ ಕಾಲವು ವೀರನಿಗಾಗಿ ಕಾಯುತ್ತದೆ. ಗಡಿಯಾರವೇನೋ ಓಡುತ್ತದೆ, ನಮ್ಮ 72 ನಿಮಿಷಗಳಿಗೆ ಅಲ್ಲಿ ಒಂದು ದಿನ ಕಳೆಯುತ್ತದೆ. ಆದರೆ ಲೋಕವನ್ನೇ ನುಂಗಲು ಬಂದ ಆಲ್ಡುಯಿನ್, ಆಟಗಾರ ಚಿಟ್ಟೆ ಹಿಡಿಯುತ್ತಲೋ ಮದ್ದಿಗೆ ಬೇಕಾದ ಬೇರು ಆಯುತ್ತಲೋ ಎರಡು ವರ್ಷ ಕಳೆದರೂ ತನ್ನ ಕೆಲಸವನ್ನು ಮುಂದುವರಿಸುವುದಿಲ್ಲ. ಆಟಗಾರ ಯಾವುದಾದರೊಂದು ಪಕ್ಷ ಸೇರುವ ತನಕ ಅಂತರ್ಯುದ್ಧವೂ ಇದ್ದಲ್ಲೇ ನಿಂತಿರುತ್ತದೆ. ಆಟವೆಂಬ ವ್ಯವಸ್ಥೆಗೆ ಇದು ಅನಿವಾರ್ಯ. ಕಥೆಗೆ ಮಾತ್ರ ಇದು ಸಲ್ಲದು. ತಡಮಾಡಿದ್ದಕ್ಕೆ ಬೆಲೆ ತೆರಬೇಕಾದಲ್ಲಿ ಮಾತ್ರ ಕಥೆ ಹುಟ್ಟುತ್ತದೆ. ಆದ್ದರಿಂದ ಹಂದರ ಹುಡುಕುವಾಗ ನಾನು ಕೇಳುವ ಪ್ರಶ್ನೆ ಇಷ್ಟೇ: ಈ ಲೋಕದಲ್ಲಿ ವೀರನಿಗಾಗಿ ಕಾಯದೆ ನಡೆದುಹೋದದ್ದು ಏನು?

ಹೀಗೆ ಕೇಳಿದ ಕೂಡಲೇ ಹಲವು ಉತ್ತರಗಳು ಎದುರು ನಿಲ್ಲುತ್ತವೆ. ನಗರದ ಗೋಡೆಯೊಳಗೆ ಪ್ರವೇಶವಿಲ್ಲದೆ ಹೊರಗೇ ಡೇರೆ ಹಾಕುವ, ಬೆಕ್ಕಿನ ರೂಪದ ಖಜೀತ್ ಜನಾಂಗದ ವರ್ತಕರಿದ್ದಾರೆ. ಬೆಂಕಿಬೆಟ್ಟ ಸಿಡಿದ ಮೇಲೆ ನಾಡು ಬಿಟ್ಟು ಬಂದು ವಿಂಡ್‌ಹೆಲ್ಮ್ ನಗರದ ಕೊಳಕು ಕೇರಿಯೊಂದರಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಡನ್ಮರ್ ಎಲ್ಫರಿದ್ದಾರೆ. ಆಶ್ರಯ ಬೇಡಿ ಹೋಗಿ, ಆಶ್ರಯಕ್ಕೆ ಬೆಲೆಯಾಗಿ ಕಣ್ಣುಗಳನ್ನೇ ಕಳೆದುಕೊಂಡು, ಕೊನೆಗೆ ನೆಲದಡಿಯ ಕ್ರೂರ ಜೀವಿಗಳಾಗಿ ಉಳಿದ ಹಿಮ ಎಲ್ಫರ ಕಥೆಯಿದೆ; ಅದು ಬಹಳ ದೊಡ್ಡದು, ಮೊದಲ ಪ್ರಯತ್ನಕ್ಕೆ ಭಾರವಾದೀತು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಎಲ್ಲವುಗಳಿಗಿಂತ ಬಡಕಲಾಗಿ ಕಾಣುವ ವಿಂಟರ್‌ಹೋಲ್ಡ್ ಎಂಬ ಊರು.

ಆಟದಲ್ಲಿ ಈ ಊರಿಗೆ ಬರುವವರು ನೋಡುವುದು ಜಾರ್ಲ್‌ನ ಮನೆ, ಒಂದು ಹೋಟೆಲು, ಒಂದು ಅಂಗಡಿ, ಉಳಿದಂತೆ ಸೂರು ಹಾರಿದ ಪಾಳುಮನೆಗಳು. ಒಂದು ಕಾಲಕ್ಕೆ ಸ್ಕೈರಿಮ್‌ನ ಹಿರಿಮೆಯ ನಗರವಾಗಿದ್ದ ಇದರ ಬಹುಭಾಗ ನಾಲ್ಕನೆಯ ಯುಗದ 122ನೆಯ ವರ್ಷದಲ್ಲಿ ಕುಸಿದು ಉತ್ತರದ ಸಮುದ್ರಕ್ಕೆ ಬಿತ್ತು. ಮಹಾಕುಸಿತವೆಂದು ಅದನ್ನು ಕರೆಯುತ್ತಾರೆ. ವಿಚಿತ್ರವೆಂದರೆ ಊರಿಗೆ ಅಂಟಿಕೊಂಡಿದ್ದ ಮಾಂತ್ರಿಕರ ಕಾಲೇಜಿಗೆ ಹೆಚ್ಚೇನೂ ಆಗಲಿಲ್ಲ. ಅದು ಎತ್ತರದ ಬಂಡೆಯ ಮೇಲೆ, ಅಂಚು ಉದುರಿದ ಒಂದು ಕಿರಿದಾದ ಸೇತುವೆಯಾಚೆ, ಈಗಲೂ ನಿಂತಿದೆ. ಊರು ಮುಳುಗಿತು, ಮಾಂತ್ರಿಕರು ಉಳಿದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ನಾರ್ಡ್ ಜನರಿಗೆ ಬೇಕಾಗಲಿಲ್ಲ. 79 ವರ್ಷಗಳ ನಂತರ, ಆಟ ನಡೆಯುವ ಕಾಲದಲ್ಲಿ, ಜಾರ್ಲ್ ಕೋರಿರ್ ಇನ್ನೂ ಕಾಲೇಜನ್ನೇ ದೂರುತ್ತಿದ್ದಾನೆ.

ಆಟದೊಳಗೆ ಓದಲು ಸಿಗುವ ಪುಸ್ತಕಗಳಲ್ಲಿ ಆ ವರ್ಷದ ಒಂದು ಸಣ್ಣ ಪತ್ರವಿದೆ. ಆಗಿನ ಮಹಾಮಾಂತ್ರಿಕ ಡೆನೆತ್, ವಿಂಟರ್‌ಹೋಲ್ಡಿನ ಜಾರ್ಲ್‌ಗೆ ಸಂತಾಪ ಹೇಳಿ, ಈ ದುರಂತದಲ್ಲಿ ಕಾಲೇಜಿನ ಕೈವಾಡವಿಲ್ಲವೆಂದು ಬರೆದ ಪತ್ರ. ಆಡುವ ಅವಸರದಲ್ಲಿ ಇಂಥದ್ದನ್ನು ಯಾರೂ ಪೂರ್ತಿ ಓದುವುದಿಲ್ಲ. ಆದರೆ ಹಂದರ ಹುಡುಕುವವರಿಗೆ ಆ ಪತ್ರವೇ ಬೀಜ, ಏಕೆಂದರೆ ಒಂದು ಪತ್ರವಿದೆಯೆಂದ ಮೇಲೆ ಅದನ್ನು ಯಾರೋ ಒಯ್ದಿರಲೇಬೇಕು. ಮಾಂತ್ರಿಕರ ಕೊರಳಿಗೆ ಹಗ್ಗ ಹುಡುಕುತ್ತಿದ್ದ ಊರಿಗೆ, ಆ ಸೇತುವೆ ದಾಟಿ, ಡೆನೆತ್‌ನ ಕಾಗದವನ್ನು ಹಿಡಿದು ಹೋದವರು ಯಾರು?

ಅವಳೊಬ್ಬ ನಾರ್ಡ್ ಹುಡುಗಿಯಾಗಿರಲಿ ಎಂದುಕೊಳ್ಳುತ್ತೇನೆ. ಅದೇ ಊರಿನವಳು, ಮನೆಯವರ ಮಾತು ಮೀರಿ ಕಾಲೇಜಿಗೆ ಸೇರಿದವಳು. ಇದು ಅಸಂಭವವೇನಲ್ಲ: ಆಟದಲ್ಲಿ ಓನ್ಮುಂಡ್ ಎಂಬ ನಾರ್ಡ್ ವಿದ್ಯಾರ್ಥಿಯಿದ್ದಾನೆ, ಅವನ ಮನೆಯವರಿಗೂ ಅವನ ಓದು ಸರಿಬಂದಿಲ್ಲ. ಎಲ್ಫ್ ಮಾಂತ್ರಿಕನನ್ನು ಕಳಿಸಿದರೆ ಊರಿನವರು ಕಲ್ಲೆಸೆದಾರು, ಊರಿನ ಮಗಳನ್ನೇ ಕಳಿಸಿದರೆ ಮಾತಾದರೂ ಕೇಳಿಯಾರು ಎಂದು ಮಹಾಮಾಂತ್ರಿಕ ಲೆಕ್ಕ ಹಾಕುತ್ತಾನೆ. ಲೆಕ್ಕ ಜಾಣತನದ್ದು, ಅಷ್ಟೇ ನಿರ್ದಯವಾದದ್ದು. ಹುಡುಗಿಯ ಮನೆಯೂ ಸಮುದ್ರಕ್ಕೆ ಬಿದ್ದಿದೆಯೆಂಬುದು ಅವನಿಗೆ ತಿಳಿದೇ ಇದೆ.

ಇಲ್ಲಿ ಆಟದ ನಿಯಮಗಳು ಕಥೆಯ ಕೈಗೆ ಬಂದು ಸೇರುವ ಜಾಗವಿದೆ, ಸ್ವಲ್ಪ ನಿಂತು ನೋಡಬೇಕು. ವಿಂಟರ್‌ಹೋಲ್ಡ್ ಕಾಲೇಜಿನಲ್ಲಿ ಸತ್ತವರ ದೇಹವನ್ನು ಎಬ್ಬಿಸುವ ವಿದ್ಯೆಗೆ ನಿಷೇಧವಿಲ್ಲ. ಕಲಿಯುವವರು ಮೊದಲು ಹಿಡಿಯುವ ಮಂತ್ರದಲ್ಲಿ ಹೆಣವೊಂದು 60 ಸೆಕೆಂಡು ಎದ್ದು ನಿಂತು, ಕೊನೆಗೆ ಬೂದಿಯಾಗಿ ಬೀಳುತ್ತದೆ. ಆಡುವವರಿಗೆ ಅದು ಯುದ್ಧದ ಒಂದು ಉಪಾಯ ಮಾತ್ರ. ಅಲೆಗಳು ದಡಕ್ಕೆ ತಂದು ಹಾಕಿದ ಅಣ್ಣನ ದೇಹದ ಮುಂದೆ ನಮ್ಮ ಹುಡುಗಿಯನ್ನು ನಿಲ್ಲಿಸಿದರೆ, ಅದೇ ನಿಯಮ ಬೇರೆಯೇ ಆಗಿಬಿಡುತ್ತದೆ: ಒಮ್ಮೆ ಎಬ್ಬಿಸಿದರೆ ಸಂಸ್ಕಾರ ಮಾಡಲು ದೇಹವೂ ಉಳಿಯುವುದಿಲ್ಲ. ಸೆಕೆಂಡುಗಳ ಲೆಕ್ಕವನ್ನು ಕಥೆಯೊಳಗೆ ತರಬಾರದು, ಅದು ಆಟದ ಪರದೆಗೆ ಸೇರಿದ್ದು. ಆದರೆ ಮಿತಿಯನ್ನು ಬಿಡಬಾರದು. ದೊಡ್ಡ ಮಾಂತ್ರಿಕರು ಶಾಶ್ವತವಾಗಿ ಎಬ್ಬಿಸಬಲ್ಲರೆಂಬುದನ್ನು ಅವಳು ತಿಳಿದಿದ್ದಾಳೆ, ಅಷ್ಟು ವಿದ್ಯೆ ಅವಳಿಗಿಲ್ಲ. ಕಲ್ಪನೆಯ ಲೋಕದಲ್ಲಿ ಬರೆಯುವ ಅನೇಕರು ಮಂತ್ರಕ್ಕೆ ಬೇಕಾದಷ್ಟು ಬಲ ತುಂಬುತ್ತ ಹೋಗಿ, ಕೊನೆಗೆ ಯಾವ ಕಷ್ಟಕ್ಕೂ ಕಷ್ಟವೆನಿಸುವ ಹಕ್ಕಿಲ್ಲದಂತೆ ಮಾಡಿಬಿಡುತ್ತಾರೆ.

ಇನ್ನು ಅಣ್ಣನ ಸಾವಿನ ಮಾತು. ನಾರ್ಡ್ ಜನರ ನಂಬಿಕೆಯಂತೆ ಹೋರಾಡಿ ಮಡಿದ ವೀರರಿಗೆ ಸೋವನ್‌ಗಾರ್ಡ್ ಎಂಬ ಲೋಕ ಕಾದಿರುತ್ತದೆ. ನಿದ್ದೆಯಲ್ಲಿದ್ದಾಗ ಮನೆಯೇ ಜಾರಿ ಕಡಲಿಗೆ ಬಿದ್ದು ಸತ್ತವರ ಗತಿ ಏನು? ನನಗೆ ತೋರುವಂತೆ ಇಡೀ ಕಥೆಯ ನೋವು ಈ ಪ್ರಶ್ನೆಯಲ್ಲಿದೆ. ಇದು ಪ್ರಕೃತಿಯ ವಿಕೋಪವಾದರೆ ಸತ್ತವರು ಸುಮ್ಮನೆ ಸತ್ತವರು; ಇದು ಮಾಂತ್ರಿಕರ ಕೃತ್ಯವಾದರೆ ಅಲ್ಲೊಬ್ಬ ಶತ್ರುವಿದ್ದ, ಅವರು ಶತ್ರುವಿನ ಕೈಯಲ್ಲಿ ಮಡಿದರು, ಅವರಿಗೂ ಸೋವನ್‌ಗಾರ್ಡಿನ ವೀರರ ಸಭೆಯಲ್ಲಿ ಒಂದು ಪೀಠ ಸಿಕ್ಕೀತು. ಊರಿನವರು ಕಾಲೇಜನ್ನು ದೂರುವುದಕ್ಕೆ ದ್ವೇಷವೊಂದೇ ಕಾರಣವಲ್ಲ, ಮಮತೆಯೂ ಕಾರಣ ಎಂದು ಹೀಗೆ ನೋಡಿದಾಗ ಗೋಚರಿಸುತ್ತದೆ. ಹುಡುಗಿ ಒಯ್ಯುತ್ತಿರುವ ಪತ್ರ ನಿಜವನ್ನೇ ಹೇಳುತ್ತಿದ್ದರೂ, ಆ ನಿಜ ಊರಿನ ಪ್ರತಿಯೊಂದು ಮನೆಯಿಂದ, ಅವಳದೇ ಮನೆಯಿಂದಲೂ, ಆ ಪೀಠವನ್ನು ಕಿತ್ತುಕೊಳ್ಳುತ್ತದೆ. ಈ ವ್ಯಾಖ್ಯಾನ ಆಟದಲ್ಲಿಲ್ಲ, ನಾನು ಸೇರಿಸುತ್ತಿರುವುದು. ಆದರೆ ಆಟ ಹೇಳಿದ ಯಾವ ಸಂಗತಿಯನ್ನೂ ಅದು ಸುಳ್ಳಾಗಿಸುವುದಿಲ್ಲ. ಹೊಸದನ್ನು ಸೇರಿಸುವಾಗ ನಾನು ಇಟ್ಟುಕೊಳ್ಳುವ ಕಟ್ಟಳೆ ಅಷ್ಟೇ.

ಲೋರ್ ಎಂದು ಅಭಿಮಾನಿಗಳು ಕರೆಯುವ ಹಿನ್ನೆಲೆಯ ಸಂಗತಿಗಳ ವಿಷಯದಲ್ಲಿ ಅನೇಕರು ಅನಗತ್ಯವಾಗಿ ಹೆದರುತ್ತಾರೆ. ಈ ಸರಣಿಯನ್ನು ಕಟ್ಟಿದವರೇ ಅಷ್ಟು ಮಡಿವಂತರಲ್ಲ. 1996ರ ಡಾಗರ್‌ಫಾಲ್ ಆಟಕ್ಕೆ ಒಂದಕ್ಕೊಂದು ಹೊಂದದ ಹಲವು ಮುಕ್ತಾಯಗಳಿದ್ದವು. ಮುಂದಿನ ಆಟಗಳಲ್ಲಿ ಯಾವುದೊಂದನ್ನೂ ಸುಳ್ಳೆನ್ನದೆ, ಕಾಲವೇ ಮುರಿದು ಎಲ್ಲ ಮುಕ್ತಾಯಗಳೂ ಒಟ್ಟಿಗೇ ನಡೆದವೆಂದು ಅವರು ಹೇಳಿಬಿಟ್ಟರು. ಜಾಣ ಉಪಾಯ, ಆದರೆ ನಾವು ಅದನ್ನು ಅನುಕರಿಸಬಾರದು. ನಮ್ಮ ಕಥೆಯ ಬಲವೆಲ್ಲ ಇರುವುದು ಒಂದೇ ಒಂದು ಮುಕ್ತಾಯವಿರುವುದರಲ್ಲಿ.

ಆ ಮುಕ್ತಾಯ ಓದುಗರಿಗೆ ಮೊದಲೇ ಗೊತ್ತು. 201ರಲ್ಲಿಯೂ ಊರು ಕಾಲೇಜನ್ನು ದೂರುತ್ತಲೇ ಇರುವುದರಿಂದ, 122ರಲ್ಲಿ ಆ ಪತ್ರ ಯಾರ ಮನಸ್ಸನ್ನೂ ತಿರುಗಿಸಲಿಲ್ಲ. ಹುಡುಗಿ ಸೋಲುತ್ತಾಳೆ. ಇದರಿಂದ ಕುತೂಹಲ ಕೆಡುತ್ತದೆಯೇ? ತಾಳಮದ್ದಲೆಯಲ್ಲಿ ಕರ್ಣನ ಅರ್ಥ ಹೇಳುವವರಿಗೂ, ಎದುರು ಕುಳಿತು ಕೇಳುವವರಿಗೂ ಕರ್ಣ ಬದುಕುವುದಿಲ್ಲವೆಂಬುದು ಗೊತ್ತಿರುತ್ತದೆ. ಆದರೂ ಈ ಅರ್ಥಧಾರಿಯ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆಂದು ಜನ ರಾತ್ರಿಯಿಡೀ ಕಾಯುತ್ತಾರೆ. ಆದ್ದರಿಂದ ಪತ್ರದಿಂದ ಪ್ರಯೋಜನವಾಗುತ್ತದೆಯೇ ಎಂಬುದನ್ನು ಕಥೆಯ ಪ್ರಶ್ನೆಯಾಗಿಸುವುದು ವ್ಯರ್ಥ. ಜಾರ್ಲ್‌ನ ಮುಂದೆ ನಿಂತಾಗ ಅವಳು ಕಾಲೇಜಿನ ಪರವಾಗಿ ಮಾತಾಡುತ್ತಾಳೋ, ತನ್ನ ಸತ್ತವರ ಪರವಾಗಿಯೋ ಎಂಬುದನ್ನು ಪ್ರಶ್ನೆಯಾಗಿಸಬೇಕು.

ಹೀಗೆ ಯೋಚಿಸುತ್ತಿದ್ದಂತೆ ಹಂದರಕ್ಕೆ ಬೇಕಾದ ಕೊನೆಯ ಗಂಟೂ ಆಟದಿಂದಲೇ ದೊರೆಯುತ್ತದೆ. ಜಾರ್ಲ್ ಒಬ್ಬನಿಗೇ ಬರೆದ ಕಾಗದ 79 ವರ್ಷಗಳ ನಂತರ ಪುಸ್ತಕದ ರೂಪದಲ್ಲಿ ಓದಲು ಸಿಗುತ್ತದೆಯೆಂದರೆ, ಅದನ್ನು ಯಾರೋ ನಕಲು ಮಾಡಿಟ್ಟಿದ್ದಾರೆ. ಪುಸ್ತಕಗಳು ಅಲ್ಲಲ್ಲಿ ಬಿದ್ದಿರುವುದು ಆಟದ ಒಂದು ಅನುಕೂಲ ಮಾತ್ರ ಎಂದು ಬಲ್ಲವರು ನಗಬಹುದು, ನಗಲಿ. ಸೇತುವೆಗೆ ಹೊರಡುವ ಹಿಂದಿನ ರಾತ್ರಿ ಹುಡುಗಿ ಪತ್ರವನ್ನು ಬಿಚ್ಚಿ, ಸಾಲು ಸಾಲಾಗಿ ನಕಲು ಮಾಡುತ್ತಾಳೆ. ಮುದ್ರೆ ಒಡೆದದ್ದು ಅಪರಾಧ, ಅವಳಿಗೆ ಗೊತ್ತು. ಮಾರನೆಯ ದಿನ ಜಾರ್ಲ್‌ನ ಮನೆಯಲ್ಲಿ, ಮುದ್ರೆ ಒಡೆದಿರುವುದನ್ನೇ ನೆಪ ಮಾಡಿಕೊಂಡು, ಓದದೆಯೇ ಪತ್ರವನ್ನು ಬೆಂಕಿಗೆ ಹಾಕುತ್ತಾರೆ. ಪತ್ರ ನಿಷ್ಫಲವಾದದ್ದಕ್ಕೂ ನಮಗಾಗಿ ಉಳಿದದ್ದಕ್ಕೂ ಅವಳ ಅದೇ ಒಂದು ಕೆಲಸ ಕಾರಣವಾಗುತ್ತದೆ.

ಅಷ್ಟಾದ ಮೇಲೆ ಉಳಿಯುವುದು ಕಸುಬಿನ ಕೆಲಸ. ಕಥೆಯ ಕಾಲ ಎರಡು ದಿನ ಮೀರಬಾರದು: ನಕಲಿನ ರಾತ್ರಿ, ಸೇತುವೆಯ ಬೆಳಗು, ಜಾರ್ಲ್‌ನ ಮಧ್ಯಾಹ್ನ, ದಡದಲ್ಲಿ ಅಣ್ಣನೆದುರಿನ ಸಂಜೆ. ಊರನ್ನು ಆಟದಲ್ಲಿ ಕಾಣುವ ಅಳತೆಗಿಂತ ಹಿಗ್ಗಿಸಿ ಬರೆಯಬೇಕು; ಆಟದ ದೊಡ್ಡ ನಗರಗಳಲ್ಲೂ ಕೆಲವು ಡಜನ್ ಜನರಷ್ಟೇ ವಾಸಿಸುತ್ತಾರೆ, ಕುಸಿದ ನಗರವೆಂದರೆ ನಂಬಿಕೆ ಬರಲು ಬೀದಿಗಳಾದರೂ ಬೇಕು. ಕಡಲ ಬಿರುಗಾಳಿಯೋ, ಬೆಂಕಿಬೆಟ್ಟವೋ, ಮಂತ್ರವೋ, ಕುಸಿತದ ಕಾರಣವನ್ನು ಲೇಖಕ ಎಲ್ಲಿಯೂ ತೀರ್ಮಾನಿಸಬಾರದು. ಡ್ರ್ಯಾಗನ್ ಬೇಡ; ಆ ವರ್ಷ ಅವು ಇನ್ನೂ ಮರಳಿರಲಿಲ್ಲ. ಇಂಥ ಕಥೆಗಳನ್ನು ಹಣಕ್ಕೆ ಮಾರುವಂತಿಲ್ಲ, ಆ ಲೋಕದ ಹಕ್ಕು ಆಟದ ಒಡೆಯರದೇ ಎಂಬುದೂ ಬರೆಯುವವರ ನೆನಪಿನಲ್ಲಿರಬೇಕು.

ನಿರೂಪಣೆಯನ್ನು ಹುಡುಗಿಯ ಬಾಯಿಂದಲೇ ಹೇಳಿಸುವುದೋ, ಇನ್ನೊಬ್ಬರಿಂದಲೋ ಎಂಬುದರಲ್ಲಿ ನಾನು ಎರಡನೆಯದರ ಪಕ್ಷ. ಎಲ್ಫರು ಇನ್ನೂರು ಮುನ್ನೂರು ವರ್ಷ ಬದುಕುವುದುಂಟು. ಆ ರಾತ್ರಿ ಪಕ್ಕದ ಕೋಣೆಯಲ್ಲಿ ಓದುತ್ತಿದ್ದು, ಲೇಖನಿ ಕಾಗದದ ಮೇಲೆ ಓಡುವ ಸದ್ದು ಕೇಳಿಯೂ ಸುಮ್ಮನಿದ್ದ ಡನ್ಮರ್ ಸಹಪಾಠಿಯೊಬ್ಬಳು 201ರಲ್ಲಿ, ಕಾಲೇಜಿಗೆ ಹೊಸದಾಗಿ ಸೇರಿದ ನಾರ್ಡ್ ಹುಡುಗನೊಬ್ಬನಿಗೆ ಇದನ್ನು ಹೇಳಲಿ. ಗೆಳತಿ ಆಮೇಲೆ ಕಾಲೇಜಿಗೆ ಮರಳಿದಳೇ ಎಂದು ಅವನು ಕೇಳಿಯೇ ಕೇಳುತ್ತಾನೆ. ಮರಳಲಿಲ್ಲ, ಊರಿನಲ್ಲೇ ಉಳಿದಳು, ಅಲ್ಲಿಯೇ ಮದುವೆಯಾದಳು, ಅಣ್ಣನನ್ನು ಎಬ್ಬಿಸಿದಳೋ ಇಲ್ಲವೋ ನಾನು ಕೇಳಲಿಲ್ಲ ಎಂದು ಆಕೆ ಉತ್ತರಿಸಬೇಕೆಂದು ನನ್ನ ಯೋಜನೆ.

ನಮಸ್ಕಾರ.