ರಾಮ್ಸೆ: ಎತ್ತರದ ಏಲಕ್ಕಿ

ಕೇಳುಗರೇ, ನಮಸ್ಕಾರ.

ದಸರಾ ಮುಗಿದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಸಿಕ್ಕಿಮಿನ ಎತ್ತರದ ಊರುಗಳಲ್ಲಿ ಭಟ್ಟಿಗಳಿಂದ ಹೊಗೆ ಏಳುತ್ತದೆ. ದೊಡ್ಡ ಏಲಕ್ಕಿ ಒಣಗಿಸುವ ಕಾಲ ಅದು. ನಮ್ಮಲ್ಲಿ ಕಪ್ಪು ಏಲಕ್ಕಿ ಅಂತಲೂ ಹೇಳುತ್ತೇವಲ್ಲ, ಅದೇ. ಇದರಲ್ಲಿ ಗೋಲ್ಸೆ, ಸಾವ್ನಿ, ವರ್ಲಾಂಗೆ ಅಂತ ಹಲವು ತಳಿಗಳಿವೆ. ನಾನು ಇವತ್ತು ಮಾತಾಡುವುದು ರಾಮ್ಸೆ ಬಗ್ಗೆ. ಇದು ಹಳೆಯ ತಳಿ, ಮೇಲಿನ ಬೆಟ್ಟಗಳದ್ದು. ಸುಮಾರು 1,500 ಮೀಟರಿಗಿಂತ ಮೇಲಿನ ತಂಪು ಇದಕ್ಕೆ ಹಿಡಿಸುತ್ತದೆ. ನಮ್ಮ ಮಡಿಕೇರಿ ಇರುವುದೇ 1,150 ಮೀಟರ್ ಆಸುಪಾಸಿನಲ್ಲಿ. ಅಂದರೆ ಎಷ್ಟು ಮೇಲೆ ಅಂತ ಲೆಕ್ಕ ಹಾಕಿ.

ಗಿಡ ಆಳೆತ್ತರ ಬೆಳೆಯುತ್ತದೆ. ಶುಂಠಿಯ ಬಳಗದ್ದೇ. ಆದರೆ ಹೂವು ನೋಡಬೇಕೆಂದರೆ ತಲೆ ಎತ್ತಬಾರದು, ಬಗ್ಗಬೇಕು. ಬುಡದಲ್ಲಿ, ನೆಲಕ್ಕೆ ತಾಗಿಕೊಂಡು ಹಳದಿ ಹೂಗೊಂಚಲು ಇರುತ್ತದೆ. ಸಣ್ಣ ಜೇನುಹುಳಗಳು ಬಂದರೂ ಕಾಯಿ ಕಚ್ಚಿಸುವ ಕೆಲಸ ಅವುಗಳಿಂದ ಸರಿಯಾಗಿ ಆಗುವುದಿಲ್ಲ. ಅದಕ್ಕೆ ಮೈತುಂಬ ರೋಮವಿರುವ ದಪ್ಪ ದುಂಬಿಯೇ ಬೇಕು. ದುಂಬಿ ಇರಬೇಕೆಂದರೆ ಸುತ್ತ ಕಾಡು ಇರಬೇಕು. ಏಲಕ್ಕಿಗೂ ನೆರಳು ಬೇಕು. ಹಾಗಾಗಿ ಅಲ್ಲಿನ ರೈತರು ತೋಟದಲ್ಲಿ ಉತಿಸ್ ಮರ ಬೆಳೆಸುತ್ತಾರೆ. ಅದರ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೊಡುತ್ತವೆ, ಎಲೆ ಗೊಬ್ಬರವಾಗುತ್ತದೆ, ಕೊಂಬೆ ಭಟ್ಟಿಗೆ ಸೌದೆ.

ರಾಮ್ಸೆಯ ಕಷ್ಟ ಶುರುವಾಗುವುದು ಅದನ್ನು ಕೆಳಗೆ ಇಳಿಸಿದಾಗ. ಒಳ್ಳೆ ತಳಿ ಅಂತ ಕೆಳಗಿನ ಇಳಿಜಾರಿನಲ್ಲಿ ನೆಟ್ಟರೆ ಚಿರ್ಕೆ, ಫುರ್ಕೆ ಎನ್ನುವ ಎರಡು ನಂಜುರೋಗ, ಅಂದರೆ ವೈರಸ್ ರೋಗ, ಜಾಸ್ತಿ ಕಾಡುತ್ತವೆ. ಚಿರ್ಕೆ ಬಂದರೆ ಎಲೆಯ ಮೇಲೆ ತಿಳಿಹಳದಿ ಗೀರುಗಳು. ಫುರ್ಕೆ ಬಂದರೆ ಬುಡದಲ್ಲಿ ಕುಳ್ಳ ಮೊಳಕೆಗಳ ರಾಶಿ, ಕಾಯಿ ಮಾತ್ರ ಇಲ್ಲ. ಎರಡನ್ನೂ ಹರಡುವುದು ಸಸ್ಯಹೇನು. ಮಲೆನಾಡಿನ ಏಲಕ್ಕಿ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ, ನಮ್ಮ ಕಟ್ಟೆ ರೋಗದ ದಾರಿಯೂ ಇದೇ ಅಲ್ವಾ? ಇನ್ನೊಂದು ದಾರಿ ಮನುಷ್ಯರದ್ದೇ. ಪಕ್ಕದ ತೋಟದಿಂದ ನಾಲ್ಕು ಗೆಡ್ಡೆ ಕಿತ್ತು ತಂದು ನೆಡುತ್ತೇವೆ, ಅದರ ಜೊತೆ ರೋಗವೂ ಬರುತ್ತದೆ. 2016ರಲ್ಲಿ ಸಿಕ್ಕಿಮನ್ನು ಪೂರ್ಣ ಸಾವಯವ ರಾಜ್ಯ ಅಂತ ಘೋಷಿಸಿದರು. ಹಾಗಾಗಿ ರಾಸಾಯನಿಕ ಹೊಡೆಯುವ ಮಾತಿಲ್ಲ. ರೋಗದ ಗಿಡ ಕಂಡ ಕೂಡಲೇ ಬುಡಸಮೇತ ಕಿತ್ತು ನಾಶ ಮಾಡಬೇಕು, ಆರೋಗ್ಯದ ಸಸಿಯನ್ನೇ ನೆಡಬೇಕು. ಸುಲಭ ಅಲ್ಲ. ಎಷ್ಟೋ ಹಳೆಯ ತೋಟಗಳು ಹೀಗೇ ಸೊರಗಿವೆ.

ರಾಮ್ಸೆ ಕೊಯ್ಲು ತಡ, ಅಕ್ಟೋಬರ್-ನವೆಂಬರ್. ತೆನೆಯ ಮೇಲಿನ ಕಾಯಿಯ ಬೀಜ ಕಂದು ಬಣ್ಣಕ್ಕೆ ತಿರುಗಿದೆಯಾ ಅಂತ ನೋಡಿ, ಅದಕ್ಕೆಂದೇ ಇರುವ ಸಣ್ಣ ಚೂರಿಯಿಂದ ತೆನೆಯನ್ನು ಬುಡದಲ್ಲಿ ಕತ್ತರಿಸುತ್ತಾರೆ. ಭಟ್ಟಿ ಅಂದರೆ ಕಲ್ಲಿನ ಗೋಡೆ, ಮೇಲೆ ಬಿದಿರಿನ ತಟ್ಟಿ ಅಥವಾ ತಂತಿಬಲೆ, ಕೆಳಗೆ ಬೆಂಕಿ. ಒಣಗಿದ ಕಾಯಿಯನ್ನು ಉಜ್ಜಿ ತುದಿಯ ಬಾಲ ಉದುರಿಸುತ್ತಾರೆ. ಬಾಲ ಕತ್ತರಿಸಿದ ಮಾಲಿಗೆ ವ್ಯಾಪಾರಿಗಳು ಕೈಂಚಿ ಕಟ್ ಅನ್ನುತ್ತಾರೆ.

ಬೆಂಕಿಯ ಶಾಖ ಜಾಸ್ತಿಯಾದರೆ ಸುಗಂಧದ ಎಣ್ಣೆ ಹಾರಿಹೋಗುತ್ತದೆ, ಹೊಗೆಗೆ ಕಾಯಿ ಕಪ್ಪಾಗುತ್ತದೆ. ಸುಧಾರಿತ ಭಟ್ಟಿಯಲ್ಲಿ ಒಣಗಿಸಿದರೆ ಕೆಂಗಂದು ಬಣ್ಣ ಉಳಿಯುತ್ತದೆ, ಸೌದೆಯೂ ಉಳಿಯುತ್ತದೆ. ರೈತರಿಗೆ ಅದೇ ಒಳ್ಳೆಯದು, ಒಪ್ಪಬೇಕು. ಆದರೂ ನನ್ನ ನಾಲಿಗೆಗೆ ಆ ಹೊಗೆಯ ಘಾಟು ಇಲ್ಲದಿದ್ದರೆ ಸಪ್ಪೆ.

ಅಂಗಡಿಯಲ್ಲಿ ಕೊಳ್ಳುವಾಗ ಬಾಯಿ ಬಿಡದ, ಬೂಷ್ಟು ಹಿಡಿಯದ ಕಾಯಿ ಆರಿಸಿ. ಗಾತ್ರ ನೋಡಿ ಮರುಳಾಗಬೇಡಿ, ರಾಮ್ಸೆಯ ಕಾಯಿ ಚಿಕ್ಕದೇ. ಬಿರಿಯಾನಿಗೋ ಪಲಾವಿಗೋ ಒಂದು ಕಾಯಿಯನ್ನು ಸ್ವಲ್ಪ ಜಜ್ಜಿ ತುಪ್ಪಕ್ಕೆ ಹಾಕಿದರೆ ಸಾಕು. ಬಡಿಸುವ ಮೊದಲು ತೆಗೆದಿಡಿ. ಇಲ್ಲದಿದ್ದರೆ ಅದು ಸರಿಯಾಗಿ ಮನೆಗೆ ಬಂದ ನೆಂಟರ ತಟ್ಟೆಗೇ ಹೋಗುತ್ತದೆ.

ನಮಸ್ಕಾರ.